ಮೂರನೆಯ ಕಂಬದ ಕಲ್ಲು

ಕೋಯಮತ್ತೂರಿನ ಹಳೇ ಪೇಟೆಯಲ್ಲಿ, ನೇಕಾರರ ಬೀದಿಯ ತುದಿಗೆ, ಮುನಿಸಿಪಾಲಿಟಿಯವರು ಒಂದು ವಾಚನಶಾಲೆ ಕಟ್ಟಿಸಿದರು. ನಕ್ಷೆ ಬರೆದವರು ಬೊಂಬಾಯಿಯಲ್ಲಿ ಓದಿ ಬಂದ ಎಂಜಿನಿಯರ್ ದಂಡಪಾಣಿ. ಬಿಸಿಲಲ್ಲಿ ನಿಂತು ಕಟ್ಟಿಸಿದವನು ಗೋಪಾಲಸಾಮಿ ಮೇಸ್ತ್ರಿ. ಆ ಕಟ್ಟಡಕ್ಕೆ ಕೈ ಹಾಕಿದ ದೊಡ್ಡವರ ಪೈಕಿ ಓದು ಬಾರದವನು ಅವನೊಬ್ಬನೇ. ಈ ಕಥೆ ಅವನದು.

ಓದು ಬಾರದು ಎಂದರೆ ಪೂರ್ತಿ ಸೊನ್ನೆ ಅಂತಲ್ಲ. ಅಂಕಿ ಬರುತ್ತಿತ್ತು, ಅಡಿ ಅಂಗುಲ ಬಾಯಿಪಾಠವಾಗಿತ್ತು, ಅಂಗಡಿ ಬೋರ್ಡಿನ ತಮಿಳನ್ನು ಒಂದೊಂದೇ ಅಕ್ಷರ ಕೂಡಿಸಿ ಹೇಗೋ ಗುರುತು ಹಿಡಿಯುತ್ತಿದ್ದ. ಮನೆಯಲ್ಲಿ ಆಡುವ ಕನ್ನಡದ ಒಂದಕ್ಷರವೂ ಗೊತ್ತಿರಲಿಲ್ಲ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆ ಬೀದಿಯ ಎಂಬತ್ತು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಷ್ಟೋ ತಲೆಮಾರಿನ ಹಿಂದೆ ಮೈಸೂರು ಸೀಮೆಯಿಂದ ಬಂದ ದೇವಾಂಗರು ಮಗ್ಗ ತಂದರು, ಚೌಡೇಶ್ವರಿಯನ್ನು ತಂದರು, ಮಾತು ತಂದರು. ಬರಹವನ್ನು ಮಾತ್ರ ದಾರಿಯಲ್ಲಿ ಎಲ್ಲೋ ಬಿಟ್ಟುಬಂದರು. ನಾಚಿಕೆಯ ಸಂಗತಿ ಬೇರೆಯೇ ಇತ್ತು. ಇವನೊಬ್ಬನಿಗೆ ಕನ್ನಡ ಓದಲು ಬರುತ್ತದೆ ಎಂದು ಬೀದಿಯ ಅಷ್ಟೂ ಜನ ನಂಬಿದ್ದರು, ಮತ್ತು ಇವನು ಆ ನಂಬಿಕೆಯನ್ನು ಒಂದು ದಿನವೂ ಕೆಡಿಸಲಿಲ್ಲ.

ನಂಬಿಕೆಗೆ ಕಾರಣ ಮಂಟಪ. ವಾಚನಶಾಲೆ ನಿಂತ ಜಾಗದಲ್ಲಿ ಮೊದಲು ಒಂದು ಕಲ್ಲಿನ ಮಂಟಪವಿತ್ತು. ಹನ್ನೆರಡು ಕಂಬ, ಮೇಲೆ ಚಪ್ಪಡಿ, ಮೈತುಂಬ ಸುಣ್ಣ. ಅದರ ಮುಂದಿನ ಉದ್ದನೆಯ ನೆಲದಲ್ಲಿ ಬೀದಿಯವರು ಹಾಸು ಹಾಕುತ್ತಿದ್ದರು. ಸೀರೆಗೆ ಬೇಕಾದ ಉದ್ದನೆಯ ನೂಲನ್ನೆಲ್ಲ ಬೆಳಿಗ್ಗೆ ಬೀದಿಯುದ್ದಕ್ಕೂ ಎಳೆದು, ಒಂದು ತುದಿಯನ್ನು ಮಂಟಪಕ್ಕೆ ಬಿಗಿದು, ಇನ್ನೊಂದನ್ನು ಆಚೆ ತುದಿಯ ಗೂಟಕ್ಕೆ ಬಿಗಿದು, ಗಂಜಿ ಹಚ್ಚಿ ಕುಂಚದಿಂದ ಬಾಚಬೇಕು. ಗಂಡಸು, ಹೆಂಗಸು, ನೆರೆಹೊರೆ ಎಲ್ಲ ಸೇರಿದರೇ ಆಗುವ ಕೆಲಸ. ನೆಲ ಇಲ್ಲದಿದ್ದರೆ ಹಾಸಿಲ್ಲ, ಹಾಸಿಲ್ಲದಿದ್ದರೆ ಮಗ್ಗವಿಲ್ಲ.

ಪೂರ್ವದ ಸಾಲಿನ ಮೂರನೆಯ ಕಂಬದ ಮೇಲೆ, ಎದೆಯ ಎತ್ತರಕ್ಕೆ, ಕನ್ನಡದ ಅಕ್ಷರಗಳಿದ್ದವು. ಅಷ್ಟು ಜಾಗಕ್ಕೆ ಮಾತ್ರ ಸುಣ್ಣ ಬಳಿಯದೆ ಎಣ್ಣೆ ಹಚ್ಚುತ್ತಿದ್ದರು. ವರ್ಷಕ್ಕೊಮ್ಮೆ ಯುಗಾದಿಯ ಬೆಳಿಗ್ಗೆ ಕಂಬದ ಬುಡಕ್ಕೆ ಬೇವು, ಹೂವು ರಾಶಿ ಹಾಕಿ, ಗೋಪಾಲಸಾಮಿಯ ಅಪ್ಪ ಅಂಗಪ್ಪನ್ ಸ್ನಾನ ಮಾಡಿ ಬಂದು, ಸಾಲಿನ ಮೇಲೆ ಬೆರಳಾಡಿಸುತ್ತ ಗಟ್ಟಿಯಾಗಿ ಓದುತ್ತಿದ್ದ: “ಈ ಮಂಟಪದ ನೆರಳು ಮಗ್ಗದವರದು. ಮಂಟಪದ ಮುಂದಿನ ನೆಲ ಹಾಸಿನದು. ಸೂರ್ಯ ಚಂದ್ರರು ಇರುವ ತನಕ ಯಾರೂ ಕೇಳುವಂತಿಲ್ಲ.” ಆಮೇಲೆ ವರ್ಷದ ಮೊದಲ ಹಾಸು. ಅಂಗಪ್ಪನ್ ತೀರಿಕೊಂಡ ಮೇಲೆ ಆ ಓದು ಮಗನಿಗೆ ಬಂತು. ಮಾತು ಬಾಯಿಗೆ ಬರುತ್ತಿತ್ತು, ಬೆರಳಾಡಿಸುವುದು ನೋಡಿ ಗೊತ್ತಿತ್ತು. ಯಾವ ಮಾತಿಗೆ ಬೆರಳು ಎಲ್ಲಿರಬೇಕು ಎಂದು ತಪ್ಪು ಹುಡುಕುವವರು ಯಾರೂ ಇರಲಿಲ್ಲವಲ್ಲ, ನಡೆದುಹೋಯಿತು.

ವರ್ಷಕ್ಕೊಮ್ಮೆ ಓದುವುದು ಬಿಟ್ಟರೆ ಗೋಪಾಲಸಾಮಿಗೆ ಬೀದಿಯ ಕೆಲಸ ಬೇಡವಾಗಿತ್ತು. ಚಿಕ್ಕಂದಿನಲ್ಲಿ ಹಾಸು ಹಾಕುವಾಗ ಗೂಟದ ತುದಿಯಲ್ಲಿ ಮುಖ ಗಂಟಿಕ್ಕಿಕೊಂಡು ನಿಲ್ಲುತ್ತಿದ್ದ. ಊರಿನವರು ಮೂಗು ಹಿಡಿದು ‘ಗಂಜಿ ನಾತ’ ಎಂದು ನಗುತ್ತಿದ್ದುದು ಅವನಿಗೆ ಚುಚ್ಚುತ್ತಿತ್ತು. ಹದಿನಾರಕ್ಕೆ ಮಗ್ಗದ ಗುಂಡಿಯಿಂದ ಎದ್ದವನು ಗಾರೆ ಕೆಲಸಕ್ಕೆ ಸೇರಿದ; ಮೂವತ್ತೈದಕ್ಕೆ ಮೇಸ್ತ್ರಿಯಾದ. ತಲೆಗೆ ರುಮಾಲು, ಕಿವಿಯ ಮೇಲೆ ಪೆನ್ಸಿಲು, ಜೇಬಿನಲ್ಲಿ ಟೇಪು. ಹೊರಗೆ ಪೂರಾ ತಮಿಳು. ಯಾವ ಬೀದಿಯವನಪ್ಪಾ ಎಂದು ಯಾರಾದರೂ ಕೇಳಿದರೆ, “ಪೇಟೆ ಕಡೆ” ಎಂದು ಹೇಳಿ ಮಾತು ತಿರುಗಿಸುತ್ತಿದ್ದ. ಸುಣ್ಣದ ವಾಸನೆಗೂ ಗಂಜಿಯ ವಾಸನೆಗೂ ಅಂಥ ದೊಡ್ಡ ಅಂತರವೇನೂ ಇಲ್ಲ. ಅದು ಅವನಿಗೆ ಹೊಳೆಯಲಿಲ್ಲ.

ಸಾವಿರದ ಒಂಬೈನೂರ ಮೂವತ್ತೈದರಲ್ಲಿ ಮಂಟಪ ವಾಲಿತು. ಎರಡು ಕಂಬ ಬಿರುಕು ಬಿಟ್ಟವು, ಒಂದು ಚಪ್ಪಡಿ ಜಾರಿತು. ಕೆಡವಿ ವಾಚನಶಾಲೆ ಕಟ್ಟುವುದೆಂದು ತೀರ್ಮಾನವಾಯಿತು. ದಂಡಪಾಣಿಯ ನಕ್ಷೆ ನೋಡಿ ಪೇಟೆಯವರು ಬಾಯಿ ಬಿಟ್ಟರು. ಹೆಂಚಿಲ್ಲ, ಕಮಾನಿಲ್ಲ, ಗೋಡೆಯ ಮೇಲೆ ಒಂದು ಗಾರೆಯ ಗಿಳಿಯೂ ಇಲ್ಲ. ಚಪ್ಪಟೆ ಮಾಳಿಗೆ, ಗುಂಡಗೆ ತಿರುಗಿದ ಮೂಲೆ, ಕಿಟಕಿಗಳ ಮೇಲೆ ಉದ್ದಕ್ಕೆ ಓಡುವ ತೆಳುವಾದ ಸಿಮೆಂಟಿನ ಸಜ್ಜಾ, ಮುಂದೆ ಎರಡು ನುಣ್ಣನೆಯ ದುಂಡು ಕಂಬದ ಪಡಸಾಲೆ. ದಂಡಪಾಣಿ ಅದನ್ನು ಹಡಗಿನಂತೆ ಎಂದರು. ಹಡಗು ಕಾಣದ ಬೀದಿಯವರು ಸೋಪಿನ ಪೆಟ್ಟಿಗೆ ಎಂದರು. ಗೋಪಾಲಸಾಮಿಗೆ ಮಾತ್ರ ಮೊದಲ ನೋಟಕ್ಕೇ ಪ್ರೀತಿ ಹತ್ತಿತು. ತನ್ನ ಬೀದಿಯ ಮಸಿ, ಗಂಜಿ, ಎಣ್ಣೆಯ ಜಿಡ್ಡು ಯಾವುದೂ ಆ ಗೋಡೆಗೆ ಅಂಟುವುದಿಲ್ಲ ಎನ್ನಿಸಿತು.

ಆದರೆ ದಂಡಪಾಣಿ ಹೊಸದನ್ನು ಕಟ್ಟುವ ಭರದಲ್ಲಿ ಹಳೆಯದನ್ನು ಮರೆಯುವ ಮನುಷ್ಯನಲ್ಲ. ಮಂಟಪ ಉಳಿಸಲು ಮುನಿಸಿಪಾಲಿಟಿಯ ಕಮಿಟಿಯವರೊಡನೆ ಜಗಳವಾಡಿ ಸೋತಿದ್ದರು. ಕೊನೆಗೆ ಒಂದೇ ಒಂದು ಕಲ್ಲು ಇಟ್ಟುಕೊಳ್ಳಲು ಒಪ್ಪಿಗೆ ಸಿಕ್ಕಿತ್ತು. ಗೋಪಾಲಸಾಮಿಯನ್ನು ಕರೆದು ತಮಿಳಿನಲ್ಲಿ ಹೇಳಿದರು: “ಮೇಸ್ತ್ರಿ, ಕಟ್ಟಡದ ಮುಂದೆ ಗಾಡಿ ನಿಲ್ಲಿಸಲು ಜಾಗ ಬೇಕು ಅಂತಾರೆ. ಹಾಗೆ ಮಾಡಿದರೆ ನಿಮ್ಮ ಜನರ ಹಾಸಿನ ನೆಲ ಹೋಗುತ್ತೆ. ಆ ನೆಲ ಅವರದು ಅಂತ ಕಲ್ಲಿನಲ್ಲೇ ಬರೆದಿದೆ ಅಂತ ಬೀದಿಯವರು ಹೇಳ್ತಾರಲ್ಲ, ಆ ಕಲ್ಲನ್ನ ಬಾಗಿಲ ಪಕ್ಕದ ಗೋಡೆಯಲ್ಲಿ ಕೂರಿಸೋಣ. ಕಣ್ಣೆದುರು ಕಲ್ಲಿದ್ದರೆ ಯಾರು ಬೇಡ ಅಂತಾರೆ?”

ಗೋಪಾಲಸಾಮಿ ತಲೆಯಾಡಿಸಿದ. ‘ನಿಮ್ಮ ಜನ’ ಎಂದದ್ದು ಕಿವಿಗೆ ಸ್ವಲ್ಪ ಚುರುಕ್ಕೆಂದಿತು. ಇವರಿಗೆ ಯಾರು ಹೇಳಿದರೋ ಎಂದುಕೊಂಡ.

ಮಂಟಪ ಬಿಚ್ಚುವ ವಾರ ಅವನು ಮದುಕ್ಕರೈಗೆ ಸಿಮೆಂಟ್ ತರಲು ಹೋಗಿದ್ದ. ಎರಡು ದಿನವಾಗಬಹುದು ಎಂದುಕೊಂಡ ಕೆಲಸ ಐದು ದಿನ ಹಿಡಿಯಿತು. ತಿರುಗಿ ಬರುವಷ್ಟರಲ್ಲಿ ಕಂಬಗಳೆಲ್ಲ ಉಕ್ಕಡಂ ಕೆರೆಯ ದಂಡೆಯ ಮೇಲಿನ ಕಲ್ಲಿನ ಅಂಗಳಕ್ಕೆ ಗಾಡಿಯಲ್ಲಿ ಹೋಗಿದ್ದವು. ಅಕ್ಷರ ಚೆನ್ನಾಗಿ ಕಾಣಲಿ ಎಂದು ದಂಡಪಾಣಿ ಆಳುಗಳ ಕೈಲಿ ಕಂಬಗಳನ್ನೆಲ್ಲ ತಂತಿ ಬ್ರಷ್ಷಿನಿಂದ ಉಜ್ಜಿಸಿದ್ದರು. ಗೋಪಾಲಸಾಮಿ ಅಂಗಳದೊಳಕ್ಕೆ ಕಾಲಿಟ್ಟು ನೋಡಿದ. ಸುಣ್ಣ ಹೋಗಿ, ಎಣ್ಣೆ ಹೋಗಿ, ಹನ್ನೆರಡೂ ಕಲ್ಲು ಒಂದೇ ಬಣ್ಣಕ್ಕೆ ಮಲಗಿದ್ದವು. ಅದರಲ್ಲಿ ನಾಲ್ಕರ ಮೇಲೆ ಅಕ್ಷರವಿತ್ತು. ಸುಣ್ಣದ ಕೆಳಗೆ ಇನ್ನೂ ಮೂರು ಬರಹ ಅಡಗಿದ್ದುದು ಯಾರಿಗೂ ಗೊತ್ತಿರಲಿಲ್ಲ.

ಅವನು ಆ ಕಲ್ಲನ್ನು ಗುರುತಿಸುತ್ತಿದ್ದದ್ದು ಅದು ನಿಂತ ಜಾಗದಿಂದ: ಪೂರ್ವದ ಸಾಲು, ಮೂರನೆಯದು. ಈಗ ಸಾಲೂ ಇಲ್ಲ, ಪೂರ್ವವೂ ಇಲ್ಲ.

“ಯಾವುದು ಮೇಸ್ತ್ರಿ?” ದಂಡಪಾಣಿ ಕೇಳಿದರು.

ಗೋಪಾಲಸಾಮಿ ಬಗ್ಗಿ ಒಂದೊಂದನ್ನೇ ನೋಡಿದ. ನಾಲ್ಕೂ ಕಲ್ಲಿನ ಮೇಲೆ ಸುರುಳಿ ಸುರುಳಿಯಾದ ಗೆರೆಗಳು. ತುಟಿ ಅಲ್ಲಾಡಿಸಿ ಓದುವವನ ಹಾಗೆ ನಟಿಸಿದ.

“ಅನುಮಾನ ಇದ್ದರೆ ಬೀದಿಯಿಂದ ಹಿರಿಯರು ಯಾರನ್ನಾದರೂ ಕರೆಸೋಣ. ಅವಸರವಿಲ್ಲ,” ಎಂದರು ದಂಡಪಾಣಿ.

ಇಡೀ ಜೀವಮಾನದಲ್ಲಿ ಅವನಿಗೆ ಸಿಕ್ಕಿದ ಒಳ್ಳೆಯ ಮಾತೆಂದರೆ ಅದೇ. ಅದನ್ನು ಅವನು ಕೈಯಾರೆ ತಳ್ಳಿದ. ಬೀದಿಯವರು ಬಂದರೆ ಏನಾಗುತ್ತದೆ? ಗಂಜಿ ಮೆತ್ತಿದ ಪಂಚೆಯಲ್ಲಿ ಬಂದು ಎಂಜಿನಿಯರ್ ಎದುರು ನಿಂತು, ‘ನೀನೇ ಓದಲ್ಲಾ ಗೋಪಾಲು’ ಎನ್ನುತ್ತಾರೆ. ಮೇಸ್ತ್ರಿಗೆ ಓದು ಬಾರದೆಂದು ಒಂದೇ ಏಟಿಗೆ ಎರಡೂ ಕಡೆ ಗೊತ್ತಾಗುತ್ತದೆ.

“ಅವರಿಗೇನು ಗೊತ್ತಾಗುತ್ತೆ ಸಾರ್, ಓದು ಬಾರದ ಜನ. ನಾನೇ ಓದಿದ್ದೀನಲ್ಲ. ಇದೇ,” ಎಂದು ಅಕ್ಷರ ಎಲ್ಲಕ್ಕಿಂತ ಸ್ಪಷ್ಟವಾಗಿದ್ದ ಕಲ್ಲೊಂದರ ಮೇಲೆ ಕೈಯಿಟ್ಟ.

ದಂಡಪಾಣಿ ನಂಬಿದರು. ಉಳಿದ ಕಂಬಗಳನ್ನು ಜಲ್ಲಿ ಒಡೆಯಲು ಬಿಡುವುದೆಂದು ಮೊದಲೇ ತೀರ್ಮಾನವಾಗಿತ್ತು. ಕಲ್ಲು ಒಡೆಯುವವರು ಯಾವುದರಿಂದ ಶುರುಮಾಡೋಣ ಎಂದು ಕೇಳಿದಾಗ ಗೋಪಾಲಸಾಮಿ ಅಕ್ಷರವಿದ್ದ ಇನ್ನೊಂದು ಕಂಬವನ್ನು ಕಾಲಿನಿಂದ ತೋರಿಸಿದ. ಅದರ ಬುಡದಲ್ಲಿ ಬೆರಳು ಮುಳುಗುವಷ್ಟು ಆಳದ ಕೊರಕಲಿತ್ತು. “ಇದು ದೋಷದ ಕಲ್ಲು. ಇದನ್ನೇ ಮೊದಲು ಒಡೀರಿ,” ಎಂದ. ಅಕ್ಷರ ಕಣ್ಣೆದುರಿಂದ ಬೇಗ ಹೋದಷ್ಟೂ ಒಳ್ಳೆಯದು ಎಂದು ಅವನಿಗೆ ಆಗ ಅನ್ನಿಸಿತ್ತು. ಆ ಜಲ್ಲಿಯೆಲ್ಲ ಪಡಸಾಲೆಯ ಎರಡು ದುಂಡು ಕಂಬಗಳ ಕಾಂಕ್ರೀಟಿಗೆ ಸೇರಿತು.

ಮಾರನೇ ವರ್ಷ ಕಟ್ಟಡ ಮುಗಿಯಿತು. ಕೂರಿಸುವಾಗ ಕಲ್ಲಿನ ತಲೆ, ಬುಡ ಕತ್ತರಿಸಿ ಅಕ್ಷರದ ಭಾಗವನ್ನಷ್ಟೇ ಗೋಡೆಗೆ ಹಾಕಿದ್ದರು. ಕಪ್ಪಗಿನ ಹಳೆಯ ಕಲ್ಲು ಹಾಲಿನ ಬಣ್ಣದ ಗೋಡೆಯಲ್ಲಿ ಬಹಳ ಚೆನ್ನಾಗಿ ಕಂಡಿತು. ಉದ್ಘಾಟನೆಗೆ ಬೀದಿಯ ಗಂಡಸರೆಲ್ಲ ಮಡಿ ಪಂಚೆ ಉಟ್ಟು ಬಂದರು. ಕಮಿಟಿಯವರು ಕಲ್ಲು ಏನು ಹೇಳುತ್ತದೆ ಎಂದು ಕೇಳಿದರು. ಗೋಪಾಲಸಾಮಿ ಮುಂದೆ ಹೋಗಿ ಬೆರಳಾಡಿಸುತ್ತ ಅಪ್ಪನ ಮಾತನ್ನು ಅಪ್ಪನ ರಾಗದಲ್ಲೇ ಹೇಳಿದ, ಅರ್ಥ ಮೊದಲೇ ಕೇಳಿ ತಿಳಿದಿದ್ದ ದಂಡಪಾಣಿ ತಮಿಳಿನಲ್ಲಿ ಬಿಡಿಸಿ ಹೇಳಿದರು, ಗುಮಾಸ್ತ ಬರೆದುಕೊಂಡ. ಹಾಸಿನ ನೆಲ ಹಾಸಿಗೇ ಇರಲಿ ಎಂದು ಅಲ್ಲೇ ಅಪ್ಪಣೆಯಾಯಿತು. ಬೀದಿಯ ಯಜಮಾನ ಶಣ್ಮುಗಂ ಬಂದು ಗೋಪಾಲಸಾಮಿಯ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟ.

ಅಳು ಇನ್ನೂ ನಿಂತಿರಲಿಲ್ಲ. ಹೆಂಗಸರ ಕಡೆಯಿಂದ ಒಬ್ಬರು ಕಲ್ಲಿನ ಹತ್ತಿರ ಬಂದು ಬಗ್ಗಿ ನೋಡುತ್ತಿದ್ದರು. ಹೊಸದಾಗಿ ಬಂದ ಒಬ್ಬ ಗಿರಣಿ ಮೇಲ್ವಿಚಾರಕರ ಹೆಂಡತಿ, ಮೈಸೂರಿನ ಕಡೆಯವರು, ಕಾಮಾಕ್ಷಿಯಮ್ಮ. ಜನ ಚದುರುವ ತನಕ ಕಾದು ಮೆಲ್ಲಗೆ ಕೇಳಿದರು: “ಮೇಸ್ತ್ರಿಗಳೇ, ನೀವು ಓದಿದ್ದು ಬೇರೆ ಯಾವುದಾದರೂ ಕಲ್ಲಿನದೇ?”

ಗೋಪಾಲಸಾಮಿ ರುಮಾಲು ಸರಿಮಾಡಿಕೊಂಡ. “ಯಾಕಮ್ಮಾ?”

“ಇದರಲ್ಲಿ ಇಷ್ಟೇ ಇದೆ. ‘ಬಾಯಾರಿದ ದನಗಳಿಗೆ ಬೆಳ್ಳಿಯಮ್ಮ ಕಟ್ಟಿಸಿದ ನೀರ ತೊಟ್ಟಿ.’ ಎಲ್ಲಿಂದಲೋ ತಂದು ಮಂಟಪಕ್ಕೆ ಸೇರಿಸಿದ ಕಲ್ಲಿರಬೇಕು.”

ಅವನು ಸುತ್ತ ನೋಡಿದ. ಯಾರೂ ಕೇಳಿಸಿಕೊಂಡಿರಲಿಲ್ಲ. ಆ ಕ್ಷಣಕ್ಕೆ ಅವನಿಗೆ ಬಂದ ಮೊದಲ ಭಾವನೆ ಸಂಕಟವಲ್ಲ, ಸಮಾಧಾನ. ಸದ್ಯ, ಯಾರಿಗೂ ಗೊತ್ತಾಗಲಿಲ್ಲವಲ್ಲ! ಆಮೇಲೆ ಎಷ್ಟೋ ದಿನ ಅವನಿಗೆ ಕಲ್ಲಿಗಿಂತ ಹೆಚ್ಚಾಗಿ ಆ ಸಮಾಧಾನವನ್ನು ನೆನೆದೇ ಅಸಹ್ಯವಾಗುತ್ತಿತ್ತು. ನಿಜವಾದ ಕಲ್ಲಿನಲ್ಲಿ ಏನು ಬರೆದಿತ್ತೆಂದು ಇನ್ನು ಈ ಭೂಮಿಯ ಮೇಲೆ ಯಾರೂ ಓದಲಾರರು. ಅದನ್ನು ಒಡೆಸಿದವನು ಬೀದಿಯವನೇ, ಓದುವವನು ಎಂದು ಬೀದಿ ನೆಚ್ಚಿಕೊಂಡಿದ್ದವನೇ.

ಕಾಮಾಕ್ಷಿಯಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. “ನಿಮಗೆ ಅಕ್ಷರ ಬಾರದು, ಅಲ್ಲವೇ?” ಎಂದಷ್ಟೇ ಕೇಳಿದರು. ನಲವತ್ತನಾಲ್ಕು ವರ್ಷದ ಮೇಸ್ತ್ರಿ ತಾನೇ ಕಟ್ಟಿದ ವಾಚನಶಾಲೆಯ ಬಾಗಿಲಲ್ಲಿ, ಹೌದು ಎಂದು ತಲೆ ತಗ್ಗಿಸಿದ.

ಪ್ರತಿ ಬುಧವಾರ ಮಧ್ಯಾಹ್ನ ಅವರು ಪತ್ರಿಕೆ ಓದಲು ಬರುತ್ತಿದ್ದರು. ಇವನಿಗೆ ಕಟ್ಟಡದ ರಿಪೇರಿ ನೋಡಿಕೊಳ್ಳುವ ಕೆಲಸ ಕೊಟ್ಟಿದ್ದರು. ನಾಲ್ಕು ತಿಂಗಳು, ಪಡಸಾಲೆಯ ಮೆಟ್ಟಿಲ ಮೇಲೆ, ಸೀಮೆಸುಣ್ಣದಲ್ಲಿ ಅವರು ಬರೆದು ಕಲಿಸಿದ ಅ ಆ ಇ ಈ. ಯಾರಾದರೂ ಬಂದರೆ ಅಂಗೈಯಿಂದ ಒರೆಸಿ ಸಿಮೆಂಟ್ ಪರೀಕ್ಷೆ ಮಾಡುವವನಂತೆ ನೆಲ ತಟ್ಟುತ್ತಿದ್ದ. ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಒಂದು ದಿನ ಅವನು ಎದ್ದು ಗೋಡೆಯ ಕಲ್ಲಿನ ಮುಂದೆ ನಿಂತು, ತಡವರಿಸುತ್ತ, ಬಾ-ಯಾ-ರಿ-ದ ಎಂದು ಓದಿದ. ಜೀವನದಲ್ಲಿ ಅವನು ಓದಿದ ಮೊದಲ ಕನ್ನಡ ಅವನ ಸುಳ್ಳಿಗೇ ಸಾಕ್ಷಿಯಾಗಿತ್ತು. ಸಂತೋಷ ಬರಬೇಕಿತ್ತು, ಬಂದದ್ದು ಅಳು.

ಮರುದಿನ ದಂಡಪಾಣಿಯ ಆಫೀಸಿಗೆ ಹೋಗಿ ಎಲ್ಲ ಒಪ್ಪಿಕೊಂಡ. ದಂಡಪಾಣಿ, “ಅಪ್ಪಣೆ ಕಾಗದದಲ್ಲಿದೆ, ಮೇಸ್ತ್ರಿ. ನೆಲ ಹೋಗದ ಹಾಗೆ ನಾನು ನೋಡಿಕೊಳ್ತೀನಿ. ಆದರೆ ಅವತ್ತು ಹಿರಿಯರನ್ನ ಕರೆಸೋಣ ಅಂದಿದ್ದೆನಲ್ಲ,” ಎಂದು ಮುಖ ಬೇರೆ ಕಡೆ ತಿರುಗಿಸಿದರು. ಕೆಲಸದಿಂದ ತೆಗೆಯಲಿಲ್ಲ, ದಂಡ ಹಾಕಲಿಲ್ಲ. ಶಿಕ್ಷೆಯಿಲ್ಲದೆ ಹೊರಗೆ ಬಂದವನಿಗೆ ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ.

ಯುಗಾದಿ ಬಂತು. ಬೆಳಿಗ್ಗೆ ಪಡಸಾಲೆಯ ಮುಂದೆ ಬೀದಿಯೆಲ್ಲ ಸೇರಿತು. ಮೊಣಕಾಲು ನೋವಿನಿಂದ ಎರಡು ವರ್ಷ ಮನೆಯಿಂದ ಹೊರಬರದಿದ್ದ ಅವನ ತಾಯಿ ಸುಬ್ಬಾತಾಳ್ ಕೂಡ, ಮಗ ಕೂರಿಸಿದ ಕಲ್ಲು ನೋಡಬೇಕೆಂದು ಹಟ ಮಾಡಿ ಇಬ್ಬರು ಹೆಂಗಸರ ಹೆಗಲು ಹಿಡಿದು ಬಂದಿದ್ದಳು. ಕಲ್ಲಿಗೆ ಎಣ್ಣೆ ಹಚ್ಚಿ ಹೂವು ಏರಿಸಿದ್ದರು.

ಗೋಪಾಲಸಾಮಿ ಬೆರಳಿಟ್ಟ. ಮೊದಲೆಲ್ಲ ಆ ಬೆರಳು ಮೂಕ ಗೆರೆಗಳ ಮೇಲೆ ಸಲೀಸಾಗಿ ಜಾರುತ್ತಿತ್ತು. ಈಗ ಪ್ರತಿ ಅಕ್ಷರವೂ ಬೆರಳ ಕೆಳಗಿನಿಂದ ಬಾಯಿ ಬಿಟ್ಟು ತನ್ನ ಹೆಸರು ಹೇಳುತ್ತಿತ್ತು. ‘ಈ ಮಂಟಪದ’ ಎನ್ನಲು ಹೊರಟ ನಾಲಿಗೆ ಏಳಲಿಲ್ಲ. ಅವನು ಕಲ್ಲಿನಲ್ಲಿ ಇದ್ದದ್ದನ್ನು ಇದ್ದಂತೆ ಓದಿದ. ಬಾಯಾರಿದ ದನಗಳಿಗೆ ಬೆಳ್ಳಿಯಮ್ಮ ಕಟ್ಟಿಸಿದ ನೀರ ತೊಟ್ಟಿ.

“ಇದೇನಪ್ಪಾ ಗೋಪಾಲು, ಹೊಸದಾಗಿ ಓದ್ತೀಯೆ?” ಎಂದ ಶಣ್ಮುಗಂ ನಗುತ್ತ.

“ಹೊಸದಲ್ಲ ಮಾವಾ. ಇದು ನಮ್ಮ ಕಲ್ಲಲ್ಲ. ನನಗೆ ಇಷ್ಟು ವರ್ಷವೂ ಓದು ಬರ್ತಿರಲಿಲ್ಲ. ಬರುತ್ತೆ ಅಂದು ಏಮಾರಿಸಿದೆ. ಉಕ್ಕಡಂನಲ್ಲಿ ಯಾವುದು ಅಂತ ಗೊತ್ತಾಗ್ದೆ ಒಂದಕ್ಕೆ ಕೈ ತೋರಿಸ್ಬಿಟ್ಟೆ. ನಮ್ಮ ಕಲ್ಲು ಜಲ್ಲಿಯಾಗಿ ಈ ತೂಣೊಳಗೆ ಹೋಗಿದೆ,” ಎಂದು ಪಡಸಾಲೆಯ ದುಂಡು ಕಂಬದ ಮೇಲೆ ಅಂಗೈಯಿಟ್ಟ. ನೆಲ ಹೋಗುವುದಿಲ್ಲ, ಕಾಗದವಿದೆ ಎಂದೂ ಸೇರಿಸಿದ. ಆ ಮಾತು ಅವನ ಕಿವಿಗೇ ಬಡವಾಗಿ ಕೇಳಿಸಿತು.

ಸುಬ್ಬಾತಾಳ್ ಹೆಂಗಸರನ್ನು ಬಿಟ್ಟು ಮುಂದೆ ಬಂದಳು.

“ನಿಮ್ಮಪ್ಪನಿಗೂ ಓದು ಬರ್ತಿರಲಿಲ್ಲ, ಗೋಪಾಲು ಕಣ್ಣು,” ಎಂದಳು. “ಅವರಪ್ಪ ಹೇಳಿಕೊಟ್ಟಿದ್ದು ಹೇಳ್ತಿದ್ರು. ನನಗೆ ಗೊತ್ತು, ಶಣ್ಮುಗನಿಗೂ ಗೊತ್ತು. ಓದು ಯಾರು ಕೇಳಿದ್ರು? ನಮ್ಮ ತೂಣು ಯಾವುದು ಅಂತ ಈ ಬೀದೀಲಿ ಯಾರನ್ನ ಕೇಳಿದ್ರೂ ಕಣ್ಣು ಮುಚ್ಚಿ ಹೇಳ್ತಿದ್ರಲ್ಲೋ. ದಿನಾ ಹಾಸಿನ ಪಾವು ಬಿಗೀತಿದ್ದದ್ದು ಅದಕ್ಕೇ ಅಲ್ವಾ? ಹಗ್ಗ ಉಜ್ಜಿ ಉಜ್ಜಿ ಅದರ ಬುಡದಲ್ಲಿ ಪಳ್ಳ ಬಿದ್ದಿತ್ತು. ನನ್ನ ಬೆರಳು ಪೂರಾ ಒಳಗೆ ಹೋಗ್ತಿತ್ತು. ಅಲ್ಲಿ ಅಂಥ ಕಲ್ಲು ಇರಲಿಲ್ವಾ?”

ಕೆರೆಯ ದಂಡೆಯ ಆ ಅಂಗಳ ಗೋಪಾಲಸಾಮಿಯ ಕಣ್ಣಿಗೆ ಕಟ್ಟಿತು. ಇಲ್ಲ ಎಂದು ಹೇಳಬಹುದಿತ್ತು, ಅವಳು ನಂಬುತ್ತಿದ್ದಳು.

“ಇತ್ತು ಅವ್ವ,” ಎಂದ. “ದೋಷದ ಕಲ್ಲು ಅಂತ ಅದನ್ನೇ ಮೊದಲು ಒಡೆಸ್ದೆ.”

ಅವಳು ತಿರುಗಿ ಹೆಂಗಸರ ಹೆಗಲು ಹಿಡಿದು ಮೆಟ್ಟಿಲಿಳಿದಳು. ಅವನ ಇಡೀ ಮೈ ನಾಚಿಕೆಯಿಂದ ಕಾದುಹೋಯಿತು. ಓದು ಬಾರದ್ದಕ್ಕಲ್ಲ. ಇಷ್ಟು ವರ್ಷ ಮುಚ್ಚಿಟ್ಟ ಆ ಗುಟ್ಟಿಗೆ ಬೀದಿಯಲ್ಲಿ ಮೂರು ಕಾಸಿನ ಬೆಲೆಯೂ ಇರಲಿಲ್ಲ. ಬೀದಿಯವರೆಲ್ಲ ಬೆರಳಿಂದಲೇ ಬಲ್ಲ ಕಲ್ಲನ್ನು ಗುರುತಿಸದವನು ಇಡೀ ಬೀದಿಯಲ್ಲಿ ತಾನೊಬ್ಬನೇ ಎಂಬುದಕ್ಕೆ ನಾಚಿಕೆಯಾಯಿತು.

ಹೊತ್ತು ಏರುತ್ತಿತ್ತು, ಬಿಸಿಲು ಬಂದರೆ ಗಂಜಿ ಒಣಗುತ್ತದೆ. ಬೀದಿಯವರು ಹಾಸು ಬಿಡಿಸಿ ಉದ್ದಕ್ಕೆ ಹಿಡಿದು ನಿಂತರು. ಶಣ್ಮುಗಂ ಹಗ್ಗದ ತುದಿಯನ್ನು ತಂದು, ಕೋಪವನ್ನೂ ತೋರಿಸದೆ ಕನಿಕರವನ್ನೂ ತೋರಿಸದೆ, ಗೋಪಾಲಸಾಮಿಯ ಕೈಗೆ ಕೊಟ್ಟ.

“ನಮ್ಮ ಕಲ್ಲು ಈ ತೂಣಲ್ಲಿದೆ ಅಂದ್ಯಲ್ಲ. ಕಟ್ಟು.”

ಗೋಪಾಲಸಾಮಿ ಕೂತು, ತಾನೇ ನುಣ್ಣಗೆ ಉಜ್ಜಿಸಿದ ಸಿಮೆಂಟ್ ಕಂಬದ ಬುಡಕ್ಕೆ ಹಗ್ಗ ಸುತ್ತಿದ. ಒಂದು ಸುತ್ತು, ಎರಡು ಸುತ್ತು, ಬಲವಾಗಿ ಎಳೆದು ಗಂಟು ಹಾಕಿದ. ಆಚೆ ತುದಿಯಲ್ಲಿ ಜನ ಜಗ್ಗಿದರು. ಗಂಟು ಜಾರಿ ಹಗ್ಗ ಬಿಚ್ಚಿಕೊಂಡಿತು. ಎಂಬತ್ತು ಮನೆಯವರ ಕಣ್ಣೆದುರು ಹಾಸು ನೆಲಕ್ಕೆ ಬಿತ್ತು. ಅವನು ಮತ್ತೆ ಸುತ್ತಿದ, ಮತ್ತೆ ಜಾರಿತು. ಶಣ್ಮುಗಂ ಬಂದು ಅವನ ಪಕ್ಕದಲ್ಲಿ ಕೂತು, ಹಗ್ಗವನ್ನು ಅವನ ಕೈಯಿಂದ ಬಿಡಿಸಿಕೊಂಡು, ತಾನೇ ಕಟ್ಟಿದ.